ಮಗಳ ಮನೆಯ ನೀರು

ಯಲವಿಗಿ ಸ್ಟೇಶನ್ನಿನ ಕ್ವಾರ್ಟರ್ಸಿನಲ್ಲಿ ಶಿವಬಸವ್ವ ಅಕ್ಕೋರ ಮನೆ ಎಲ್ಲರಿಗೂ ಗೊತ್ತು. ಗಂಡ ಬಸವಣ್ಣೆಪ್ಪ ರೇಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್, ಹೆಂಡತಿ ಸರಕಾರಿ ಹೆಣ್ಣುಮಕ್ಕಳ ಶಾಲೆಯಲ್ಲಿ ಶಿಕ್ಷಕಿ, ಇದ್ದೊಬ್ಬ ಮಗಳು ಶಾರವ್ವ. ಉಂಡುಟ್ಟು ಸುಖವಾಗಿದ್ದ ಸಂಸಾರ. ಆದರೆ ತವರೂರು ದುಂಡಸಿಯಿಂದ ತಾಯಿ ಅನ್ನವ್ವ ಬಂದಳೆಂದರೆ ಶಿವಬಸವ್ವನ ಮೈ ಉರಿಯುತ್ತಿತ್ತು. ತಾಯಿ ಬಂದದ್ದಕ್ಕಲ್ಲ, ತಾಯಿ ತಂದದ್ದಕ್ಕೆ. ಮುದುಕಿ ತನ್ನ ರೊಟ್ಟಿಯ ಗಂಟನ್ನೂ ನೀರು ತುಂಬಿದ ತಂಬಿಗೆಯನ್ನೂ ಜೊತೆಗೇ ಹೊತ್ತು ತರುತ್ತಿದ್ದಳು! ಕೊಟ್ಟ ಮಗಳ ಮನೆಯಲ್ಲಿ ಹೆತ್ತವರು ಉಣ್ಣಬಾರದು, ಹನಿ ನೀರು ಕುಡಿಯಬಾರದು ಎಂಬುದು ಆ ಮನೆತನದ ಪದ್ಧತಿ. ಮಗಳು ಒಲೆಯ ಮುಂದೆ ಬಿಸಿ ರೊಟ್ಟಿ ಬಡಿಯುತ್ತಿದ್ದರೆ ತಾಯಿ ಪಕ್ಕದಲ್ಲೇ ಕೂತು ನಿನ್ನೆಯ ಒಣರೊಟ್ಟಿ ಕಡಿಯಬೇಕು. ಇದನ್ನು ಪದ್ಧತಿ ಅನ್ನಬೇಕೋ ಶಿಕ್ಷೆ ಅನ್ನಬೇಕೋ, ನೀವೇ ಹೇಳಿ.

ಅದು ೧೯೬೪ರ ಬೇಸಿಗೆ. ಶಾರವ್ವ ಓಡಿಬಂದು ತಬ್ಬಿಕೊಂಡಾಗ ಅಜ್ಜಿ "ಸತ್ತೆನೆವ್ವಾ!" ಎಂದು ಎದೆ ಹಿಡಿದುಕೊಂಡಳು. ಶಿವಬಸವ್ವ ಒಳಗೆ ಕರೆದೊಯ್ದು ಕುಪ್ಪಸ ಬಿಚ್ಚಿಸಿ ನೋಡಿದರೆ ಎಡ ಮೊಲೆಯಲ್ಲಿ ನಿಂಬೆಕಾಯಿಯಷ್ಟು ಗಂಟು.

"ಯಾವಾಗಿಂದ ಐತಿ ಯವ್ವಾ ಇದು?"

"ದೀಪಾವಳಿ ಹಿಂದ ಮುಂದ ಕಂಡಿತ್ತು. ನಿಮ್ಮಣ್ಣ ಪರಮೇಶಿಗೆ ಹೇಳೇನಿ. ಸುಗ್ಗಿ ಮುಗೀಲಿ, ತೋರ್ಸೂಣು ಅಂದಾನ."

ಸುಗ್ಗಿ ಮುಗಿದು ಎಷ್ಟೋ ದಿನವಾಗಿತ್ತು.

ಅದೇ ವಾರ ಶಾಲೆಗೆ ಹೊಸ ಸುದ್ದಿ ಬಂತು. ಶಿಕ್ಷಕರಿಗೂ ಉಳಿದ ಸರಕಾರಿ ನೌಕರರಿಗೂ ಅವರನ್ನು ನಂಬಿದ ಹೆಂಡಿರು, ಮಕ್ಕಳು, ತಂದೆತಾಯಿಯರಿಗೂ ಆಸ್ಪತ್ರೆಯ ಖರ್ಚನ್ನು ಸರಕಾರವೇ ಕೊಡುವುದಂತೆ. ಬೇಕಾದವರು ಬೇಕೆಂದೂ ಬೇಡವಾದವರು ಬೇಡವೆಂದೂ ಬರೆದುಕೊಡಬೇಕು.

"ನಿಮಗ್ಯಾಕ್ರಿ ಅಕ್ಕೋರ?" ಎಂದರು ಹೆಡ್‌ಮಾಸ್ತರ ಗುತ್ತೆಪ್ಪನವರು. "ಯಜಮಾನರ ರೇಲ್ವೆ ದವಾಖಾನಿ ಐತಲ್ಲ. ಬ್ಯಾಡಂತ ಬರದು ಸಹಿ ಮಾಡಿಬಿಡ್ರಿ."

"ರೇಲ್ವೆಯವ್ರು ನನ್ನ ನೋಡ್ತಾರ, ನನ್ನ ಮಗಳನ್ನ ನೋಡ್ತಾರ, ನಮ್ಮ ಅತ್ತೀನ್ನೂ ನೋಡ್ತಾರ್ರಿ ಸರ. ನನ್ನ ಹಡದಾಕೀನ್ನ ಯಾರು ನೋಡ್ತಾರ?"

ಮಾಸ್ತರರು ಚಷ್ಮಾ ತೆಗೆದು ಒರೆಸಿಕೊಂಡರು. ಪಾಪ, ಆ ಪ್ರಶ್ನೆ ಅವರಿಗೆ ಹೊಳೆದೇ ಇರಲಿಲ್ಲ. ತಾಯಿಯ ಹೆಸರು ಸೇರಿಸಬೇಕಾದರೆ ಆಕೆ ತಾನು ಮಗಳ ಆಸರೆಯಲ್ಲಿದ್ದೇನೆಂದು ಪಂಚರ ಮುಂದೆ ಹೆಬ್ಬಟ್ಟು ಒತ್ತಬೇಕು ಎಂದರು.

ಬಸವಣ್ಣೆಪ್ಪನದು ಒಂದೇ ಮಾತು. "ನಮ್ಮವ್ವನ ಮಂಡಿಗೆ ರೇಲ್ವೆ ದವಾಖಾನಿ ಎಣ್ಣಿ ಬರತೈತಿ. ನಿಮ್ಮವ್ವಗ ಸರಕಾರದ ಔಷಧ ಬಂದ್ರ ಏನು ಕೆಡತೈತಿ? ಎರಡೂ ಇರ್ಲಿ."

ಕೆಡುವುದು ಏನೆಂದು ಅನ್ನವ್ವ ಹೇಳಿದಳು. "ಶಿವಶಿವಾ! ಗಂಡಮಗಾ ಗಟ್ಟಿಮುಟ್ಟಾಗಿರೂಮುಂದ ಮಗಳ ಆಸರಕ್ಕದೇನಿ ಅಂತ ಹೆಬ್ಬಟ್ಟು ಒತ್ತಲೇನು? ಊರಾಗ ಅವ ಹೆಂಗ ಮಾರಿ ಎತ್ತಿ ತಿರಗ್ಯಾನು?"

ಅಷ್ಟರಲ್ಲಿ ತಾಯಿಯನ್ನು ಕರೆದೊಯ್ಯಲು ಪರಮೇಶಪ್ಪನೂ ಬಂದ. ವಿಷಯ ಕೇಳಿ ಕೆಂಡವಾದ.

"ತಂಗೀ, ನನ್ನ ಮಾನಾ ಕಳೀಬೇಕಂತ ಮಾಡೀಯೇನು? ನಮ್ಮ ಮನಿತನದಾಗ ಮಗಳ ಗಳಿಕಿ ಯಾರೂ ಉಂಡಿಲ್ಲ."

"ಹಂಗಾರ ನೀನ ಕರಕೊಂಡು ಹೋಗಣ್ಣಾ. ನಾಳಿ ಮುಂಜಾನಿ ಗಾಡಿಗೆ ಹುಬ್ಬಳ್ಳಿಗೆ ಹೋಗ್ರಿ. ನಾ ಯಾವ ಹೆಬ್ಬಟ್ಟೂ ಕೇಳೂದಿಲ್ಲ."

"ಹೋಗೂಣು. ನಾ ಎಲ್ಲೆ ಇಲ್ಲಂದೆ? ಬಿತ್ತಿಗಿ ಮುಗೀಲಿ."

"ಗಂಟಿಗೆ ನಿನ್ನ ಬಿತ್ತಿಗಿ ಗೊತ್ತೈತೇನು?"

"ಬಾಯಿ ಭಾಳ ಆತು ನಿಂದು! ಸಾಲೀ ಕಲಿಸಿದ್ದ ತಪ್ಪಾತು."

ಶಿವಬಸವ್ವ ತಾಯಿಯ ಕಡೆ ತಿರುಗಿದಳು. "ಯವ್ವಾ, ನನಗ ಇರಾಕಿ ಒಬ್ಬಾಕಿ ಮಗಳು. ನಾಳೆ ನನಗ ಹಿಂಗ ಆದ್ರ, ನಾ ಶಾರೀ ಮನಿಗೆ ತಂಬಿಗಿ ಹೊತ್ಕೊಂಡು ಹೋಗ್ಲೇನು?"

ಅನ್ನವ್ವ ಮೊಮ್ಮಗಳನ್ನೇ ನೋಡುತ್ತ ನಿಂತಳು. ಆಮೇಲೆ ಗಂಟು ಎತ್ತಿಕೊಂಡು ಮಗನ ಹಿಂದೆ ಬಸ್ಸಿಗೆ ಹೋದಳು.

ಪರಮೇಶಪ್ಪ ಕೆಟ್ಟವನಾಗಿದ್ದರೆ ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಅವನು ತಾಯಿಗೆ ಹಾಲು ಕೊಡದೆ ತಾನು ಕುಡಿದವನಲ್ಲ. ತಾನೂ ಕರೆದೊಯ್ಯಲಿಲ್ಲ, ತಂಗಿಗೂ ಕರೆದೊಯ್ಯಲು ಬಿಡಲಿಲ್ಲ, ಅಷ್ಟೇ. ಬಿತ್ತಿಗೆ ಮುಗಿಯಿತು, ಬೆಳೆಯ ಸಾಲುಗಳ ಕಳೆಗೆ ಎಡೆ ಹೊಡೆಯುವುದು ಬಂತು. ಕಾರಹುಣ್ಣಿಮೆ ಆಯಿತು, ಪಂಚಮಿ ಬಂತು. ಶಿವಬಸವ್ವ ಎರಡು ಸಲ ದುಂಡಸಿಗೆ ಹೋಗಿ ಜಗಳಾಡಿ ಬಂದಳು. ಶಾಲೆಯಲ್ಲಿ "ಬೇಕು" ಎಂದು ಬರೆದುಕೊಟ್ಟು, ತಾಯಿಯ ಹೆಸರಿಗಾಗಿ ಜಾಗ ಬಿಡಿಸಿಕೊಂಡಿದ್ದಳು. ಆ ಜಾಗ ಖಾಲಿಯೇ ಉಳಿದಿತ್ತು.

ಪಂಚಮಿ ಮುಗಿದ ಮೇಲೆ ಒಂದು ದಿನ ಅನ್ನವ್ವ ಒಬ್ಬಳೇ ಬಸ್ಸಿಳಿದು ಬಂದಳು. ಮುಖ ಇಳಿದುಹೋಗಿತ್ತು, ಎಡಗೈ ಎತ್ತಲು ಬರುತ್ತಿರಲಿಲ್ಲ. ಬಾಗಿಲ ಮುಂದಿನ ಕರಿಬೇವಿನ ಗಿಡಕ್ಕೆ ತನ್ನ ತಂಬಿಗೆಯ ನೀರನ್ನೆಲ್ಲ ಸುರಿದಳು.

"ಶಾರೀ, ಒಂದೀಟು ನೀರು ತಾ ನನ್ನವ್ವಾ."

ಹುಡುಗಿ ತಂದ ನೀರನ್ನು ಗಟಗಟ ಕುಡಿದು, ಸೆರಗಿನಿಂದ ಬಾಯೊರೆಸಿಕೊಂಡಳು.

"ನಿನ್ನ ಮಾತು ತಲಿಯಾಗ ಕೊರಿಯಾಕತ್ತಿತ್ತು ಶಿವೀ. ಈ ಕೂಸಿನ ಮನಿಗೆ ನೀ ತಂಬಿಗಿ ಹೊತ್ಕೊಂಡು ಹೋಗೂದು ಬ್ಯಾಡ. ಎಲ್ಲೆ ಒತ್ತಬೇಕು ಹೇಳು."

ಅಂದು ರಾತ್ರಿ ಮಗಳ ಕೈಯ ಬಿಸಿ ರೊಟ್ಟಿ ಉಂಡಳು. ಶಿವಬಸವ್ವ ಹೊಗೆಯ ನೆವ ಮಾಡಿಕೊಂಡು ಅತ್ತಳು.

ಪಂಚರ ಮುಂದೆ ಹೆಬ್ಬಟ್ಟು ಬಿತ್ತು. ಹುಬ್ಬಳ್ಳಿಯ ಡಾಕ್ಟರು ಗಂಟನ್ನು ಮುಟ್ಟಿ, ಬಗಲನ್ನು ಒತ್ತಿ ನೋಡಿ, ಶಿವಬಸವ್ವನನ್ನು ಹೊರಗೆ ಕರೆದರು.

"ಇಷ್ಟು ದಿನಾ ಏನು ಮಾಡ್ತಿದ್ರಿ? ಗಂಟು ಕಂಡಾಗಲೇ ಬಂದಿದ್ದರೆ ಕೊಯ್ದು ತೆಗೆಯಬಹುದಿತ್ತು. ಈಗ ಎಲ್ಲ ಕಡೆ ಹಬ್ಬಿದೆ."

ಏನು ಮಾಡುತ್ತಿದ್ದರು? ಮಾನ ಕಾಯುತ್ತಿದ್ದರು!

ಮುಂದಿನ ದೀಪಾವಳಿಯನ್ನು ಅನ್ನವ್ವ ನೋಡಲಿಲ್ಲ. ದುಂಡಸಿಯ ಮನೆಯ ಕಟ್ಟೆಯ ಮೇಲೆ ಆಕೆಯನ್ನು ಕೂಡಿಸಿ, ವಿಭೂತಿ ಹಚ್ಚಿ, ಹೂವು ಏರಿಸಿದ್ದರು. ಊರೆಲ್ಲ ನೆರೆದಿತ್ತು. ಪರಮೇಶಪ್ಪ ಆಸ್ಪತ್ರೆಯ ಸಂಗತಿಯನ್ನು ನುಂಗಿಕೊಂಡು, ಅಳುತ್ತಲೇ ಎಲ್ಲರಿಗೂ ಹೇಳುತ್ತಿದ್ದ.

"ಕಡೀತನಕ ಮಗಳ ಮನಿ ನೀರು ಮುಟ್ಟಲಿಲ್ಲ ನಮ್ಮವ್ವ."

"ಪುಣ್ಯವಂತಿ, ಪುಣ್ಯವಂತಿ" ಎಂದರು ಹಿರಿಯರು.

ಶಿವಬಸವ್ವನಿಗೆ ತಡೆಯಲಾಗಲಿಲ್ಲ. ಎದ್ದು ನಿಂತಳು.

"ಕುಡದಾಳ! ನನ್ನ ಮನಿ ನೀರು ಕುಡದಾಳ, ನನ್ನ ಮನಿ ರೊಟ್ಟಿ ಉಂಡಾಳ, ನನ್ನ ಆಸರಕ್ಕದೇನಿ ಅಂತ ಹೆಬ್ಬಟ್ಟು ಒತ್ತ್ಯಾಳ. ಆಗ ಪುಣ್ಯಾ ಹಾಳಾಗಲಿಲ್ಲ. ತಡಾ ಮಾಡಿ ಕುಡದ್ಲು, ಅದಕ್ಕ ಹಾಳಾತು ಜೀವಾ. ತಡಾ ಮಾಡಿಸಿದವ್ರು ನಾವಣ್ಣಾ, ನಾವು!"

ಪರಮೇಶಪ್ಪ ತಲೆ ತಗ್ಗಿಸಿದ. ಒಬ್ಬ ಹಿರಿಯ "ಹೆಣದ ಮುಂದ ಏನಿದು ಮಾತು" ಎಂದು ಗೊಣಗಿದ.

ಹೆಣ್ಣುಮಕ್ಕಳ ಗುಂಪಿನಿಂದ ನೆರೆಮನೆಯ ದುರಗವ್ವ ಎದ್ದು ಬಂದಳು. ಅವಳ ಮಗಳು ಶಿಗ್ಗಾಂವಿ ಸರಕಾರಿ ದವಾಖಾನೆಯಲ್ಲಿ ನರ್ಸು. ದುರಗವ್ವನ ಕಣ್ಣಿಗೆ ಪೊರೆ ಬಂದು ಎಷ್ಟೋ ಕಾಲವಾಗಿದ್ದರೂ ಮಗಳ ಆಸರೆ ಬೇಡವೆಂದು ಕೂತಿದ್ದಳು. ಶಿವಬಸವ್ವನ ಕೈಯನ್ನು ತಡವಿ ಹಿಡಿದು, ಎಲ್ಲರಿಗೂ ಕೇಳುವಂತೆಯೇ ಕೇಳಿದಳು.

"ಅಕ್ಕೋರ, ಯಾವ ಹೆಬ್ಬಟ್ಟು ಒತ್ತಬೇಕ್ರಿ? ಎಡಗೈದೋ ಬಲಗೈದೋ?"

"ಯಾವದಾದ್ರೂ ನಡೀತೈತಿ ಯವ್ವಾ," ಎಂದಳು ಶಿವಬಸವ್ವ. "ಲಗೂನ ಒತ್ತು."