ಚಿಪ್ಪಿಲ್ಲದ ಮೊಟ್ಟೆ

ಡ್ರೈವರ್ ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಒಂದು ಸೈಕಲ್ಲಿಗೂ ತಾಗಿಸಿದವನಲ್ಲ ಎಂದು ಡಿಪೋದಲ್ಲಿ ಹೆಸರು. ಅಂಥವನು ನಾಲ್ಕು ಕೋಳಿಗಳ ಮುಂದೆ ಸೋತು ಸುಣ್ಣವಾದ.

ಕೋಳಿಗಳು ಅವನವಲ್ಲ, ಹೆಂಡತಿಯವು. ಅಂಗೈಯಷ್ಟಿದ್ದ ಮರಿಗಳನ್ನು ತಂದು, ರಟ್ಟಿನ ಪೆಟ್ಟಿಗೆಯಲ್ಲಿ ಬಲ್ಬು ಹಾಕಿ ಬೆಚ್ಚಗಿಟ್ಟು, ಐದು ತಿಂಗಳು ಸಾಕಿದವಳು ಅವಳು. ಇನ್ನೇನು ಮೊಟ್ಟೆಗೆ ಬರಬೇಕು ಅನ್ನುವಾಗ ಮಗಳ ಹೆರಿಗೆಯ ದಿನ ಹತ್ತಿರವಾಗಿ ಅಲ್ಲಿಗೆ ಹೊರಟು ನಿಂತಳು. ಗಂಡನಿಗೆ ಹೇಳಿದ್ದು ಒಂದೇ ಮಾತು: ಮೊದಲ ಮೊಟ್ಟೆ ಬಿದ್ದ ದಿನವೇ ತನಗೆ ತಿಳಿಸಬೇಕು.

ಜವಾಬ್ದಾರಿ ವಹಿಸಿದ ಮೇಲೆ ಡ್ರೈವರ್ ಸುಮ್ಮನಿರುವ ಆಸಾಮಿಯೇ? ಬಸ್ಸು ಹೊರಡುವ ಮುನ್ನ ಟಯರು, ಬ್ರೇಕು, ಆಯಿಲ್ಲು ಒಂದೊಂದನ್ನೂ ಮುಟ್ಟಿ ನೋಡುವುದು ಅವನಿಗೆ ರಕ್ತಗತ. ಬೆಳಿಗ್ಗೆ ಆರಕ್ಕೆ ಗೂಡಿನ ಬಾಗಿಲು ತೆಗೆದವನೇ ಒಂದೊಂದು ಕೋಳಿಯನ್ನೂ ಕಂಕುಳಲ್ಲಿ ಅವುಚಿಕೊಂಡು, ರೆಕ್ಕೆ ಬಿಡಿಸಿ, ಕಾಲು ತಿರುಗಿಸಿ, ಹೊಟ್ಟೆ ಒತ್ತಿ ನೋಡುತ್ತಿದ್ದ. ಮತ್ತೆ ಒಂಬತ್ತಕ್ಕೆ. ಮತ್ತೆ ಮಧ್ಯಾಹ್ನ. ಸಂಜೆ ಎರಡು ಸಲ. ಬಾಯಿಬಡುಕಿ ಎಂದು ಹೆಂಡತಿ ಹೆಸರಿಟ್ಟಿದ್ದ ಕೆಂಚು ಕೋಳಿ ಬೀದಿಗೆಲ್ಲ ಕೇಳುವಂತೆ ಅರಚಿಕೊಳ್ಳುತ್ತಿತ್ತು. ಗಂಟಲು ಗಟ್ಟಿಯಾಗಿದೆ, ಆರೋಗ್ಯಕ್ಕೇನೂ ಕಮ್ಮಿಯಿಲ್ಲ ಎಂದು ಪುಣ್ಯಾತ್ಮ ಖುಷಿಪಡುತ್ತಿದ್ದ.

ಒಂದು ಬೆಳಿಗ್ಗೆ ಮೊದಲ ಮೊಟ್ಟೆ ಕೈಗೆ ಸಿಕ್ಕಿತು. ಚಿಪ್ಪೇ ಇಲ್ಲ, ಬರೀ ಪೊರೆ. ನೀರು ತುಂಬಿದ ಬಲೂನಿನಂತೆ ಬೆರಳ ನಡುವೆ ಜಾರಾಡಿತು. ಅವಳು ಜೀವ ಇಟ್ಟುಕೊಂಡಿದ್ದ ಕೋಳಿಗಳನ್ನು ಕೆಡಿಸಿಬಿಟ್ಟೆ ಎನಿಸಿ, ಯಾರೂ ನೋಡದಂತೆ ಬೇಲಿಯ ಬುಡದಲ್ಲಿ ಹೂತುಬಿಟ್ಟ. ಸಂಜೆ ಫೋನಿನಲ್ಲಿ ಅವಳು ಕೇಳಿದಾಗ ಇನ್ನೂ ಇಟ್ಟಿಲ್ಲ ಎಂದ. ಮರುದಿನವೂ ಹೂತ, ಮರುದಿನವೂ ಇಲ್ಲ ಎಂದ. ಮೊಮ್ಮಗಳು ಹುಟ್ಟಿದಳು, ಬಾಣಂತಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂಬ ಸುದ್ದಿಯ ಬೆನ್ನಿಗೇ ಅವಳು ಕೋಳಿಯ ವಿಷಯ ಎತ್ತಿದಳು. ಆಗಲೂ ಅವನದು ಅದೇ ಉತ್ತರ.

ಎಂಟನೆಯ ದಿನ ತಡೆಯಲಾರದೆ ಪಶು ಆಸ್ಪತ್ರೆಯ ಕಾಂಪೌಂಡರನ ಹತ್ತಿರ ಹೋದ. ಅವನು ಆಹಾರ ವಿಚಾರಿಸಿದ, ನೀರು ವಿಚಾರಿಸಿದ, ಕಪ್ಪೆಚಿಪ್ಪಿನ ಪುಡಿ ಹಾಕುತ್ತೀರಾ ಎಂದ. ಎಲ್ಲ ಸರಿಯಿತ್ತು. ನಾಯಿಗೀಯಿ ಹೆದರಿಸುತ್ತದೆಯೇ ಎಂದಾಗ ಡ್ರೈವರ್ ಎದೆಯುಬ್ಬಿಸಿ, ದಿನಕ್ಕೆ ಐದು ಸಲ ತಾನೇ ಎತ್ತಿ ತಪಾಸಣೆ ಮಾಡುವುದನ್ನು ಅಭಿನಯಿಸಿಯೇ ತೋರಿಸಿದ.

"ಹಾಗಾದ್ರೆ ನಾಯಿ ಬೇರೆ ಯಾಕೆ ಬೇಕು, ನೀವೇ ಇದ್ದೀರಲ್ಲ," ಎಂದ ಕಾಂಪೌಂಡರ್. "ಹೊಸ ಕೋಳಿ ಮೊದಮೊದಲು ಹೀಗೆ ಇಡೋದುಂಟು. ಅದರ ಮೇಲೆ ನೀವು ಬೆದರಿಸಿದ್ರೆ ಚಿಪ್ಪು ಕೂಡೋಕೆ ಮುಂಚೆನೇ ಹಾಕಿಬಿಡುತ್ತೆ. ಮುಟ್ಟಬೇಡಿ, ಸಾಕು."

ಆ ಸಂಜೆ ಹೆಂಡತಿಯ ಫೋನು ಬಂದಾಗ ಡ್ರೈವರ್ ಅವಳು ಕೇಳುವ ತನಕ ಕಾಯಲಿಲ್ಲ.

"ಇಟ್ಟಿವೆ ಕಣೇ. ಎಂಟು ದಿನದಿಂದ ಇಡ್ತಾನೇ ಇವೆ. ಚಿಪ್ಪಿಲ್ಲ. ನಾನೇ ಎತ್ತಿ ಎತ್ತಿ ಹಾಳು ಮಾಡಿದೆ. ಸರಿಹೋದ್ಮೇಲೆ ಹೇಳೋಣ ಅಂತಿದ್ದೆ."

ಆ ಕಡೆ ಅವಳು ಅಳುತ್ತಿದ್ದ ಮೊಮ್ಮಗಳನ್ನು ತಟ್ಟಿ ಸಮಾಧಾನ ಮಾಡಿದಳು.

"ಇವಳ ಅಮ್ಮನೂ ಹೀಗೇ ಬಲಿಯೋ ಮುಂಚೆ, ಏಳು ತಿಂಗಳಿಗೇ ಹುಟ್ಟಿದ್ಲು ರೀ," ಎಂದಳು. ಸಿಟ್ಟಿನ ದನಿಯಲ್ಲ. "ಆಗ್ಲೂ ನೀವು ಇದೇ ಮಾತು ಹೇಳಿದ್ರಿ. ಮಗು ಸರಿಹೋಗ್ಲಿ ಅಂತ ಎರಡು ವಾರ ನನ್ನಮ್ಮನಿಗೆ ತಿಳಿಸಲೇ ಇಲ್ಲ. ಆಸ್ಪತ್ರೆಯಲ್ಲಿ ಆ ಎರಡು ವಾರ ನಾನೊಬ್ಬಳೇ ಇದ್ದೆ."

ಆ ಎರಡು ವಾರ ಡ್ರೈವರ್ ಡ್ಯೂಟಿ ಮೇಲೆ ಡ್ಯೂಟಿ ಹಾಕಿಸಿಕೊಂಡಿದ್ದ. ಯಾರನ್ನೂ ಗಾಬರಿಪಡಿಸದೆ ಎಲ್ಲ ನಿಭಾಯಿಸಿದೆನೆಂದು ಇಷ್ಟು ವರ್ಷವೂ ಅಂದುಕೊಂಡೇ ಬಂದಿದ್ದ. ಊಟ ಮಾಡಿ ಮಲಗಿ ಎಂದು ಹೇಳಿ ಅವಳು ಫೋನಿಟ್ಟಳು.

ಬೆಳಿಗ್ಗೆ ಗೂಡಿನ ಬಾಗಿಲು ತೆಗೆದು, ಕೈ ಕಟ್ಟಿಕೊಂಡು ಹಿತ್ತಲ ಮೆಟ್ಟಿಲ ಮೇಲೆ ಕೂತ. ಹತ್ತರ ಸುಮಾರಿಗೆ ಕರಿ ಕೋಳಿ ಗೂಡಿನ ಹುಲ್ಲಿನಿಂದೆದ್ದು ಹೊರಗೆ ಬಂತು. ಮೊಟ್ಟೆ ಇನ್ನೂ ಮೆತ್ತಗೇ ಇತ್ತು. ಅದನ್ನು ಬೊಗಸೆಯಲ್ಲಿ ತಂದು ಬಟ್ಟಲಿಗೆ ಇಳಿಸಿ, ಸಂಜೆಗೆಂದು ಕಾಯದೆ ಅವಳಿಗೆ ವಿಡಿಯೋ ಕಾಲ್ ಮಾಡಿದ.

"ಇವತ್ತೂ ಚಿಪ್ಪಿಲ್ಲ ಕಣೇ," ಎಂದು ಬಟ್ಟಲನ್ನು ಫೋನಿನ ಮುಂದೆ ಹಿಡಿದ.