ಕೈಗುಣ

ಕಂಪನಿಯಿಂದ ಬಂದ ಪೆಟ್ಟಿಗೆಯೊಳಗೆ ಎಲ್ಲವೂ ಹೊಸದರ ವಾಸನೆ ಹೊಡೆಯುತ್ತಿತ್ತು: ಎರಡು ಮಾನಿಟರ್, ಅವುಗಳ ತಂತಿ ಸೇರುವ ಅಂಗೈಯಗಲದ ಡಾಕಿಂಗ್ ಸ್ಟೇಷನ್, ಅದನ್ನು ಲ್ಯಾಪ್‌ಟಾಪಿಗೆ ಸೇರಿಸುವ ಕೇಬಲ್. ಆದರೆ ಆ ಕೇಬಲ್ ಮುಟ್ಟಿದ್ದೇ ತಡ, ಸೊಸೆಯ ಬೆರಳು ಅಂಟಿಕೊಂಡಿತು. ಮೂಸಿ ನೋಡಿದಳು. ಸಿಹಿ ಕಮಟು. ಜೊತೆಗೆ ಯಾರದೋ ತಲೆಗೂದಲು. “ಥೂ!” ಎಂದು ಒದ್ದೆ ಬಟ್ಟೆ ತಂದು ಉಜ್ಜಿದಳು; ಜಿಗುಟು ಹೋಗಲೊಲ್ಲದು. ಹೊಸ ಡಬ್ಬಿಯಲ್ಲಿ ಇಂಥ ಹೊಲಸು ಹೇಗೆ ಬಂತೋ!

ಔಷಧಿ ಡಬ್ಬಿಯೊಳಗೆ ಮಡಚಿಡುವ ಚೀಟಿಯನ್ನು ಮೂಲದೊಡನೆ ಸಾಲು ಸಾಲಾಗಿ ತಾಳೆ ನೋಡುವುದು ಅವಳ ಕೆಲಸ. ಹೆರಿಗೆಯಾದ ಮೇಲೆ ಬಿಟ್ಟಿದ್ದು ಈಗ ಮತ್ತೆ ಸಿಗುವ ಹಾಗಿತ್ತು. ಸಂಜೆಯೊಳಗೆ ಮಕ್ಕಳ ಕೆಮ್ಮಿನ ಔಷಧಿಯ ಚೀಟಿಯೊಂದನ್ನು ತಪ್ಪಿಲ್ಲದೆ ಒಪ್ಪಿಸಿದರೆ ಕಾಯಂ. ಇಲ್ಲವಾದರೆ ಇದ್ದೇ ಇದೆ, ಈ ಮನೆಯವರ ಎಂಜಲು ತಟ್ಟೆ.

“ಎರಡು ಪರದೆ ಯಾಕಮ್ಮಾ? ದೇವರು ಕೊಟ್ಟ ಎರಡು ಕಣ್ಣು ಸಾಲದಾ?” ಎಂದರು ಅತ್ತೆ.

ಕೇಬಲ್ ಚುಚ್ಚಿದಳು. ಲ್ಯಾಪ್‌ಟಾಪ್ ಚಾರ್ಜ್ ಆಯಿತು, ಮೌಸ್ ಓಡಾಡಿತು. ಮಾನಿಟರುಗಳು ಮಾತ್ರ ‘ಸಿಗ್ನಲ್ ಇಲ್ಲ’ ಎಂದು ಹೇಳಿ ಕಪ್ಪಗೆ ಕೂತವು.

ಅತ್ತೆ ಕಿರಿಮಗನನ್ನು ಕೂಗಿದರು. ಸೋಫಾ ಬಿಟ್ಟೇಳದ ಈ ಮೈದುನನಿಗೆ ಅವರಿಟ್ಟ ಹೆಸರು ‘ಇಂಜಿನಿಯರ್’. ಹೆತ್ತವರಿಗೆ ಹೆಗ್ಗಣ ಮುದ್ದು. ಇಂಜಿನಿಯರು ಚಿಪ್ಸ್ ನೆಕ್ಕಿದ ಬೆರಳಿನಲ್ಲೇ ಪರದೆ ಒತ್ತಿ ನೋಡಿದ, ಡಾಕನ್ನು ಅಲ್ಲಾಡಿಸಿದ, ಎಲ್ಲಾ ಕಡೆ ಎಣ್ಣೆಯ ಮುದ್ರೆ ಒತ್ತಿದ.

“ಡಾಕೇ ಕೆಟ್ಟಿದೆ ಅತ್ತಿಗೆ. ವಾಪಸ್ ಕಳಿಸ್ಬಿಡಿ.”

“ಕೇಬಲ್ ಒಂದ್ಸಲ ಬದಲಾಯಿಸಿ ನೋಡೋಣ್ವಾ?”

“ಕೇಬಲ್ ಸರಿಯಾಗೇ ಇದೆ! ಚಾರ್ಜ್ ಆಗ್ತಿಲ್ವಾ? ಅದನ್ಯಾಕೆ ಮುಟ್ತೀರಿ?” ಎನ್ನುತ್ತ ಅವನು ತನ್ನ ರೂಮಿನ ಬಾಗಿಲ ಕಡೆ ಕಳ್ಳನೋಟ ಹಾಯಿಸಿದ. “ಎಲ್ಲಾ ನಿಮ್ಮ ಕೈಗುಣ. ನೀವು ಮುಟ್ಟಿದ್ದು ಯಾವುದು ನೆಟ್ಟಗಾಗಿದೆ ಹೇಳಿ?”

ಅತ್ತೆ ಕಿಸಕ್ಕೆಂದರು. ಅವಳಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಅವಳು ಕಾಣದವಳೇನಲ್ಲ. ಸೀದಾ ಅವನ ರೂಮಿಗೆ ನುಗ್ಗಿದಳು.

ಹೆಗ್ಗಣದ ಬಿಲವಾದರೂ ಇದಕ್ಕಿಂತ ಚೊಕ್ಕ. ಮುಗ್ಗಿದ ಕಾಲುಚೀಲ, ಬೂಸ್ಟು ಹಿಡಿದ ಲೋಟ, ಕತ್ತರಿಸಿ ಬಿಸಾಡಿದ ಉಗುರು. ಇದೆಲ್ಲದರ ನಡುವೆ, ದಿಂಬಿನ ಕೆಳಗಿಂದ ಅವನ ಫೋನಿಗೆ ಒಂದು ದಪ್ಪನೆಯ ಹೊಸ ಕೇಬಲ್. ಪೆಟ್ಟಿಗೆಯದು! ತನ್ನ ಫೋನು ಬೇಗ ಚಾರ್ಜ್ ಆಗಲೆಂದು ಬೆಳಿಗ್ಗೆಯೇ ಪೆಟ್ಟಿಗೆ ಬಿಚ್ಚಿ ಅದನ್ನು ಎತ್ತಿಕೊಂಡು, ಕರೆಂಟು ಸಾಗಿಸಿದರೂ ಪರದೆಗೆ ಚಿತ್ರ ಒಯ್ಯದ ತನ್ನ ಸಪೂರ ಕೇಬಲನ್ನು ಸುತ್ತಿ ಅದೇ ಜಾಗದಲ್ಲಿ ಇಟ್ಟಿದ್ದ. ಬಾಯಿ ಎರಡಕ್ಕೂ ಒಂದೇ. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲವಲ್ಲ. ಮೂಗು ಮುಚ್ಚಿಕೊಂಡು ಕಿತ್ತುತಂದಳು.

ಚುಚ್ಚಿದ ಕ್ಷಣವೇ ಎರಡೂ ಪರದೆ ಬೆಳಗಿದವು.

“ನೋಡಿದ್ಯಾ ನನ್ನ ಮಗನ ಕೈಗುಣ!” ಅತ್ತೆ ಹಿಗ್ಗಿದರು. “ಅವನು ಮುಟ್ಟಿದ ಮೇಲೇ ಬಂದಿದ್ದು.”

ಮೈದುನ ಹೊಗಳಿಕೆಯನ್ನು ನಾಚಿಕೆಯಿಲ್ಲದೆ ನುಂಗಿ, ಸೋಫಾಕ್ಕೆ ಹೋಗಿ ಬಿದ್ದುಕೊಂಡ. ಕೊಳಕು ರೂಮಿಗಿಂತ ಇದು ಅವಳಿಗೆ ಹೆಚ್ಚು ಅಸಹ್ಯವೆನಿಸಿತು. ಜಗಳಕ್ಕೆ ಹೊತ್ತಿರಲಿಲ್ಲ, ಅರ್ಧ ದಿನ ಆಗಲೇ ಇವನ ಪಾಲಾಗಿತ್ತು. ಎಡಕ್ಕೆ ಮೂಲ, ಬಲಕ್ಕೆ ಚೀಟಿ ಇಟ್ಟು ಕೂತಳು. ಮೂಲದಲ್ಲಿ ಅರ್ಧ ಚಮಚ, ಚೀಟಿಯಲ್ಲಿ ಒಂದೂವರೆ. ಒಂದೇ ಪರದೆಯಾಗಿದ್ದರೆ ಕಣ್ಣು ತಪ್ಪಿ ಹೋಗುತ್ತಿತ್ತೋ ಏನೋ! ತಿದ್ದಿ, ಮತ್ತೊಮ್ಮೆ ಓದಿ, ಹೊತ್ತು ಮುಳುಗುವ ಮುಂಚೆ ಕಳಿಸಿದಳು. ‘ನಾಳೆಯಿಂದ ಶುರು ಮಾಡಿ’ ಎಂದು ಉತ್ತರ ಬಂತು.

ಅಷ್ಟರಲ್ಲಿ ಸೋಫಾದಿಂದ ದನಿ: “ಅತ್ತಿಗೆ, ಕೆಲ್ಸ ಮುಗೀತಲ್ಲ, ಆ ಕೇಬಲ್ ಕೊಡಿ. ಫೋನ್ ಸತ್ತೋಗ್ತಿದೆ.”

ಅವಳು ಅವನ ಸಪೂರ ಕೇಬಲನ್ನು ಸತ್ತ ಇಲಿಯ ಬಾಲದಂತೆ ಎರಡು ಬೆರಳಲ್ಲಿ ಎತ್ತಿಕೊಂಡು ಬಂದಳು. ಅವನಿಗೆ ಕೊಡಲಿಲ್ಲ. ಅತ್ತೆಯ ಅಂಗೈಯಲ್ಲಿಟ್ಟಳು.

“ತಗೊಳ್ಳಿ ಅತ್ತೆ, ನನ್ನ ಪೆಟ್ಟಿಗೇಲಿತ್ತು. ನಿಮ್ಮ ಮಗನ ಕೈಗುಣ. ಎಷ್ಟು ಉಜ್ಜಿದ್ರೂ ಹೋಗ್ಲಿಲ್ಲ.”

ಅತ್ತೆ ಬೆರಳು ಬಿಡಿಸಿಕೊಂಡು ಮೂಸಿದರು. ಜಾಮು. ಬೆಳಿಗ್ಗೆ ಮಗನ ಬ್ರೆಡ್ಡಿಗೆ ಅದನ್ನು ದಪ್ಪಗೆ ಸವರಿ ಕೊಟ್ಟಿದ್ದು ಅವರೇ.