ಫ್ರಾಕಿನ ಆಕಾರದ ತೂತು

ಮಕ್ಕಳು ಅವಳಿಗೆ ಇಟ್ಟಿದ್ದ ಹೆಸರು ಪಿಸುಮಿಸ್. ಪಾಠಕ್ಕೆ ನಿಂತರೆ ಎರಡನೇ ಬೆಂಚು ದಾಟದ ದನಿ. ಬಾಯಲ್ಲಿ ಬೆರಳಿಟ್ಟರೂ ಕಚ್ಚಲು ಬಾರದವಳು ಎಂದು ಜೊತೆಯ ಶಿಕ್ಷಕಿಯರೂ ನಗುತ್ತಿದ್ದರು. ಶಾಲೆಗೆ ಬಂದ ಏಳು ತಿಂಗಳಲ್ಲಿ ಅವಳು ಬಾಯಿಬಿಟ್ಟು ಕೇಳಿ ಪಡೆದದ್ದು ಒಂದೇ: ಐದನೇ ತರಗತಿಗೆ ಶುಕ್ರವಾರದ ಓದಿನ ಪಿರಿಯಡ್ಡು. ಈಗ ಅದಕ್ಕೂ ಸಂಚಕಾರ ಬಂದಿತ್ತು.

"ಕಥೆ ಓದೋಕೆ ಮನೆ ಇಲ್ವೇ ಮೇಡಂ? ಆ ನಲವತ್ತು ನಿಮಿಷ ನಂಗೆ ಕೊಡಿ, ಮಗ್ಗಿಯಾದ್ರೂ ನೆಟ್ಟಗಾಗತ್ತೆ," ಎಂದು ಲೆಕ್ಕದ ಮೇಷ್ಟ್ರು ಮುಖ್ಯೋಪಾಧ್ಯಾಯಿನಿಯ ಕಿವಿ ಊದಿದ್ದರು.

ಮಕ್ಕಳೆಲ್ಲ ದೊಡ್ಡಮಿಸ್ ಎಂದು ಕರೆಯುವ ಆ ಮುಖ್ಯೋಪಾಧ್ಯಾಯಿನಿ ಅಡ್ಡಗೋಡೆಯ ಮೇಲೆ ದೀಪ ಇಡುವವರಲ್ಲ. ಪಿಸುಮಿಸ್ಸನ್ನು ಕರೆಸಿ ನೇರವಾಗಿ ಹೇಳಿದರು: "ನಾಳೆ ನಾನೇ ಬಂದು ಕೂತ್ಕೋತೀನಿ. ಕಥೆ ಬೇಡ. ಕಥೆಯಲ್ಲದ್ದನ್ನ ಮಕ್ಕಳು ಹೇಗೆ ಓದ್ತಾರೆ ತೋರ್ಸಿ. ಓದಿದ್ರೆ ಪಿರಿಯಡ್ಡು ನಿಮ್ದು, ಇಲ್ದಿದ್ರೆ ಮೇಷ್ಟ್ರದ್ದು."

ಆ ಸಂಜೆ ಮನೆಗೆ ಬಂದವಳು ಚಹಾವನ್ನೂ ಕುಡಿಯದೆ ಅಮ್ಮನ ಹೊಲಿಗೆ ಕೋಣೆಯ ಅಟ್ಟಕ್ಕೆ ಕೈಹಾಕಿ, ಹಳೆಯ ಮಾಸಪತ್ರಿಕೆಗಳ ಕಟ್ಟನ್ನು ಇಳಿಸಿದಳು. ದಾರ ಬಿಚ್ಚುತ್ತಿದ್ದಂತೆ ಧೂಳು, ಯಂತ್ರದ ಎಣ್ಣೆ, ಹೊಸ ಬಟ್ಟೆಯ ಗಂಜಿ ಎಲ್ಲ ಒಟ್ಟಿಗೆ ಮೂಗಿಗೆ ಬಂದು, ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಅಮ್ಮ ಟೇಲರ್. ರದ್ದಿ ಅಂಗಡಿಯಿಂದ ತೂಕದ ಲೆಕ್ಕದಲ್ಲಿ ತರುತ್ತಿದ್ದ ಪತ್ರಿಕೆಗಳಲ್ಲಿ ಅವಳಿಗೆ ಬೇಕಿದ್ದದ್ದು ಬಟ್ಟೆಯ ಚಿತ್ರ ಮಾತ್ರ. ಚಂದದ ಫ್ರಾಕು ಕಂಡರೆ ಅಂಚು ಹಿಡಿದು ನಾಜೂಕಾಗಿ ಕತ್ತರಿಸಿ, ಗಿರಾಕಿಗಳಿಗೆ ಕಾಣುವಂತೆ ಗೋಡೆಗೆ ಚುಚ್ಚುತ್ತಿದ್ದಳು. ಫ್ರಾಕು ಗೋಡೆ ಸೇರಿದರೆ ಅದರ ಬೆನ್ನಿಗಿದ್ದ ಲೇಖನದಲ್ಲಿ ಫ್ರಾಕಿನಷ್ಟೇ ತೂತು. ಜ್ವಾಲಾಮುಖಿಯ ನಡುವೆ ಒಂದು ಕಾಲರು. ದೀಪಸ್ತಂಭದ ಚರಿತ್ರೆಯಲ್ಲಿ ಎರಡು ಉಬ್ಬುತೋಳು. ಆಗಿನ್ನೂ ಪುಟ್ಟವಳಾಗಿದ್ದ ಮಗಳು ಮೇಜಿನ ಕೆಳಗೆ ಚಿಂದಿಯ ರಾಶಿಯ ಮೇಲೆ ಕೂತು, ಉಳಿದದ್ದನ್ನು ಅಮ್ಮನಿಗಷ್ಟೇ ಕೇಳುವಂತೆ ಓದುತ್ತಿದ್ದಳು.

"ಹೂಂ, ಆಮೇಲೆ?" ಅಮ್ಮ ಯಂತ್ರ ತುಳಿಯುವ ಕಾಲು ನಿಲ್ಲಿಸದೆ ಕೇಳುವಳು.

"ಆಮೇಲೆ ತೂತು."

"ತೂತಲ್ಲಿ ಏನಿತ್ತಂತೆ?"

"ಕತ್ತರಿಸಿದ್ದು ನೀನೇ ಅಲ್ವಾ!"

"ನಾನು ಮುಂಬದಿ ನೋಡೋಳು ಕಣೇ. ಹಿಂಬದಿ ನಿಂದು. ಹೇಳು, ಹೇಳು."

ಅವಳು ಹೇಳುತ್ತಿದ್ದಳು. ಹಿಂದಿನ ಸಾಲು, ಮುಂದಿನ ಸಾಲು ನೋಡಿ ನಡುವೆ ತೇಪೆ ಹಾಕುತ್ತಿದ್ದಳು. ಆಕ್ಟೋಪಸ್ಸಿಗೆ ಮೂರು ಹೃದಯ, ಎರಡು ಕಿವಿರುಗಳಿಗೆ, ಒಂದು ಉಳಿದ ಮೈಗೆ ಎಂಬ ಲೇಖನದಲ್ಲಿ ಹೀಗಿತ್ತು: 'ಈಜುವಾಗ ಮಾತ್ರ ಈ ಮೂರನೆಯ ಹೃದಯ', ಅಲ್ಲಿ ತೂತು, ಆಮೇಲೆ 'ಅದಕ್ಕೇ ಈ ಪ್ರಾಣಿ ಈಜುವುದಕ್ಕಿಂತ ತೆವಳುವುದೇ ಹೆಚ್ಚು.' ಏಳು ವರ್ಷದ ಹುಡುಗಿ ಒಂದು ಕ್ಷಣವೂ ತಡವರಿಸದೆ ತುಂಬಿದ್ದಳು: ಹೆದರುತ್ತದೆ.

ಅಳತೆ ಕೊಡಲು ನಿಂತಿದ್ದ ಗಿರಾಕಿಗೆ ಅಮ್ಮ ಟೇಪು ಸುತ್ತುತ್ತಾ, "ಎಂಟು ಕೈ ಇಟ್ಕೊಂಡೂ ಹೆದರುತ್ತಂತೆ ಕಣ್ರೀ, ಪಾಪ. ನಮ್ಮನೆ ಹುಡುಗಿ ಥರಾನೇ," ಎಂದು ನಕ್ಕಿದ್ದಳು. ಮೇಜಿನ ಕೆಳಗಿದ್ದವಳಿಗೆ ಸಿಟ್ಟು ಬರಲಿಲ್ಲ. ಸಮುದ್ರದ ಅಡಿಯಲ್ಲಿ ತನಗೊಬ್ಬ ನೆಂಟ ಸಿಕ್ಕಿದಂತಾಗಿತ್ತು.

"ಆ ಹರಕು ಪುಟ ಶಾಲೆಗೆ ತಗೊಂಡ್ಹೋಗ್ತೀಯಾ?" ಅಮ್ಮ ಈಗ ಬಾಗಿಲಲ್ಲಿ ನಿಂತು ಕೇಳಿದಳು. "ಟೇಲರಮ್ಮನ ಮಗಳು ಅಂತ ಮಾನ ಹರಾಜಾಗತ್ತೆ ನೋಡು."

"ಹರಕೇ ಬೇಕಮ್ಮ," ಎಂದಳು ಮಗಳು.

ಮರುದಿನ ಆರು ಗುಂಪು, ಆರು ತೂತಿನ ಪುಟ. ಕಪ್ಪುಹಲಗೆಯ ಮೇಲೆ ಎರಡೇ ಪ್ರಶ್ನೆ: ತೂತಿನಲ್ಲಿ ಏನಿತ್ತು? ನಿಮಗೆ ಹೇಗೆ ಗೊತ್ತು? ದೊಡ್ಡಮಿಸ್ ಕನ್ನಡಕ ಏರಿಸಿಕೊಂಡು ಕೊನೆಯ ಬೆಂಚಿನಲ್ಲಿ, ಆಕ್ಟೋಪಸ್ಸಿನ ಗುಂಪಿನ ಪಕ್ಕದಲ್ಲೇ ಕೂತಿದ್ದರು.

"ಮಿಸ್, ಇದನ್ನ ಇಲಿ ತಿಂದಿದೆ!"

"ಇಲಿ ಕಾಲರ್ ಇಟ್ಟು ತಿನ್ನತ್ತೇನೋ ದಡ್ಡ?"

ತರಗತಿ ಗೊಳ್ಳೆಂದಿತು. ದೊಡ್ಡಮಿಸ್ ನಗಲಿಲ್ಲ. ಆದರೆ ನಗು ಇಳಿದ ಮೇಲೆ ತಲೆಗಳು ಪುಟಗಳ ಮೇಲೆ ಬಾಗಿದವು. ಶೀರ್ಷಿಕೆ ನೋಡಿದರು, ಪಕ್ಕದ ಚೌಕಟ್ಟು ನೋಡಿದರು, ಜಗಳವಾಡಿದರು. ಕೊನೆಯ ಬೆಂಚಿನಲ್ಲಿ ಆ ಮೂರನೆಯ ಹೃದಯ ಸುಸ್ತಾಗುತ್ತದೆ ಎಂದು ಒಬ್ಬ, ಒಡೆದೇ ಹೋಗುತ್ತದೆ ಎಂದು ಇನ್ನೊಬ್ಬ.

"ಯಾಕೆ ಕಿತ್ತಾಡ್ತೀರಾ? ನಿಮ್ಮ ಮಿಸ್ಸನ್ನೇ ಕೇಳಿ," ಎಂದರು ದೊಡ್ಡಮಿಸ್.

"ಹೆದರುತ್ತೆ," ಎಂದಳು ಪಿಸುಮಿಸ್, ಹುಟ್ಟಿದೂರು ಹೇಳುವಷ್ಟು ಸಲೀಸಾಗಿ.

ಎರಡು ಜಡೆಯ ಹುಡುಗಿಯೊಬ್ಬಳು ಪುಟದಿಂದ ಮೂಗು ಎತ್ತಿದಳು. "ಅಲ್ಲ ಮಿಸ್. ನಿಲ್ಲತ್ತೆ."

"ನಿಂಗೆ ಹೇಗೆ ಗೊತ್ತು?" ದೊಡ್ಡಮಿಸ್ ಅವಳತ್ತ ತಿರುಗಿದರು.

ಹುಡುಗಿ ಚಿತ್ರದ ಕೆಳಗೆ ಇರುವೆ ಸಾಲಿನಂಥ ಸಣ್ಣಕ್ಷರದ ಮೇಲೆ ಬೆರಳಿಟ್ಟು ಓದಿದಳು: "'ಈಜು ಮುಗಿದೊಡನೆ ಆ ಹೃದಯ ಮತ್ತೆ ಬಡಿಯತೊಡಗುತ್ತದೆ.' ಮತ್ತೆ ಅಂದ್ರೆ ನಡುವೆ ನಿಂತಿತ್ತು ಅಂತ ತಾನೇ?"

ಪಿಸುಮಿಸ್ ಬಂದು ಬಾಗಿ ನೋಡಿದಳು. ಎಷ್ಟು ಸಲ ಓದಿದ್ದ ಪುಟ! ಆ ಸಣ್ಣಕ್ಷರವನ್ನು ಮಾತ್ರ ಒಮ್ಮೆಯೂ ಓದಿರಲಿಲ್ಲ. ಚಿತ್ರವೇ ಇರುವಾಗ ಕೆಳಗೆ ಓದುವುದೇನಿದೆ ಎಂದುಕೊಂಡಿದ್ದಳು. ಬೇಕೆಂದೇ ತಪ್ಪು ಹೇಳಿದೆ, ನಿಮ್ಮನ್ನು ಪರೀಕ್ಷಿಸಿದೆ ಎನ್ನಬಹುದಿತ್ತು. ದೊಡ್ಡಮಿಸ್ ಮುಂದೆ ಮುಖ ಉಳಿಯುತ್ತಿತ್ತು. ನಾಲಿಗೆಯ ತುದಿಗೂ ಬಂದಿತ್ತು ಆ ಮಾತು.

"ನಂದು ತಪ್ಪು," ಎಂದಳು. "ಏಳು ವರ್ಷದವಳಿದ್ದಾಗಿಂದ ತಪ್ಪೇ ತಿಳ್ಕೊಂಡಿದ್ದೆ. ಇವಳು ಹೇಳಿದ್ದೇ ಸರಿ."

ಬಾಗಿಲ ಬಳಿ ಕೂತವರಿಗೂ ಕೇಳಿಸಿತು. "ಮಿಸ್ಸಿಗೇ ತಪ್ಪಾಯ್ತಂತೆ!" ಎಂಬ ಸುದ್ದಿ ಬೆಂಚಿನಿಂದ ಬೆಂಚಿಗೆ ಹಾರಿತು. ಮರುಗಳಿಗೆ ಆರೂ ಗುಂಪುಗಳು ಚಿತ್ರಗಳ ಅಡಿಯನ್ನು, ಮೂಲೆಗಳನ್ನು ಹೇನು ಹುಡುಕುವಂತೆ ಹುಡುಕತೊಡಗಿದವು. ಅವಳಿಗೆ ಒಳಗೊಳಗೇ ಚೂರು ಸಂಕಟವಾಗುತ್ತಿತ್ತು. ಇಷ್ಟು ವರ್ಷ ಜೊತೆಗಿದ್ದ ಆ ಪುಕ್ಕಲು ಪ್ರಾಣಿ ಎಂದೂ ಇರಲೇ ಇಲ್ಲ.

ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ. ಲೆಕ್ಕದ ಮೇಷ್ಟ್ರು ಬಾಗಿಲಲ್ಲಿ ಇಣುಕಿ, "ಏನು ತೀರ್ಮಾನ ಆಯ್ತು ಮೇಡಂ?" ಎಂದರು.

ದೊಡ್ಡಮಿಸ್ ಮಕ್ಕಳ ನಡುವೆ ತಲೆ ತೂರಿಸಿ ದೀಪಸ್ತಂಭದ ಪುಟದ ಮೇಲೆ ಬಾಗಿದ್ದರು.

"ಐದು ನಿಮಿಷ ತಡೀರಿ ಮೇಷ್ಟ್ರೇ. ನಮ್ದಿನ್ನೂ ಮುಗಿದಿಲ್ಲ."

"ನಮ್ದು ಅಂದ್ರೆ?"

"ನಮ್ದೇ. ಮುಂದಿನ ಶುಕ್ರವಾರಾನೂ ಮುಗಿಯೋ ಹಾಗೆ ಕಾಣಲ್ಲ," ಎಂದರು ದೊಡ್ಡಮಿಸ್, ತಲೆಯೆತ್ತದೆ.